ಜೇನಿನ ನುಸಿಗೆ ಫಾರ್ಮಿಕ್ ಆಮ್ಲ: ಯಾವ ಪೆಟ್ಟಿಗೆಗೆ, ಯಾವಾಗ, ಹೇಗೆ

(ಮದ್ದೂರು ತಾಲ್ಲೂಕಿನ ವೈದ್ಯನಾಥಪುರದಲ್ಲಿ ಜೇನು ಸಾಕುವ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಶಿಂಷಾ ನದಿಯ ದಂಡೆಯ ತೆಂಗಿನ ಬೆಳೆಗಾರರಿಗೆ ನುಸಿ ಎಂಬ ಮಾತು ಹೊಸದಲ್ಲ. 1998ರಲ್ಲಿ ಕೇರಳದಲ್ಲಿ ಮೊದಲು ಕಂಡು, ಆನಂತರ ಕರ್ನಾಟಕದ ತೆಂಗಿನ ತೋಟಗಳಿಗೂ ಹಬ್ಬಿದ ತೆಂಗಿನ ನುಸಿಯು ಎಳೆಗಾಯಿಯ ತೊಟ್ಟಿನ ಕೆಳಗೆ ಕಲೆ ಮೂಡಿಸಿ, ಕಾಯಿಯನ್ನು ಸೊಟ್ಟ ಮಾಡಿ, ಸಂತೆಯಲ್ಲಿ ಬೆಲೆ ಇಳಿಸಿದ್ದನ್ನು ಎಲ್ಲರೂ ಬಲ್ಲರು. ಅದು ಬರಿಗಣ್ಣಿಗೆ ಕಾಣದ ಜೀವಿ. ಜೇನು ಪೆಟ್ಟಿಗೆಯೊಳಗೆ ಸೇರುವ ನುಸಿ ಬೇರೆ ಜಾತಿಯದು. ಗಮನವಿಟ್ಟು ನೋಡಿದರೆ ಕಾಣುವಷ್ಟು ದೊಡ್ಡದು. ಆದರೂ ಅದನ್ನು ನೋಡದೆಯೇ ಪೆಟ್ಟಿಗೆಗೆ ಔಷಧಿ ಹಾಕುವವರು ಬಹಳ. ಔಷಧಿಯೆಂದರೆ ಇಲ್ಲಿ ಫಾರ್ಮಿಕ್ ಆಮ್ಲ. ಅಂಗಡಿಯಲ್ಲಿ ಫಾರ್ಮಿಕ್ ಆಸಿಡ್ ಎಂದು ಕೇಳಿದರೆ ಸಿಗುತ್ತದೆ. ಸರಿಯಾದ ಪೆಟ್ಟಿಗೆಗೆ, ಸರಿಯಾದ ಹವೆಯಲ್ಲಿ, ಅಳತೆ ಮಾಡಿ ಇಟ್ಟರೆ ಇದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ತಪ್ಪಿದರೆ ಮೊದಲು ಸಾಯುವುದು ಮರಿ, ಆಮೇಲೆ ರಾಣಿ. ಅದನ್ನು ಹಿಡಿದ ಕೈಗೂ, ಕಣ್ಣಿಗೂ ಅಪಾಯವುಂಟು.

ಆದ್ದರಿಂದ ಆಮ್ಲದ ಬಾಟಲಿಯ ಮಾತಿಗೆ ಮೊದಲು ಪೆಟ್ಟಿಗೆಯೊಳಗಿನ ಹುಳುವಿನ ಮಾತು ಆಗಬೇಕು.

ತುಡುವೆಯೋ, ಮೆಲ್ಲಿಫೆರಾವೋ?

ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತ ಪೆಟ್ಟಿಗೆಯಲ್ಲಿ ಸಾಕುವ ಜೇನು ಎರಡು ಬಗೆ. ಒಂದು ನಾಡಿನದೇ ಆದ ತುಡುವೆ. ಇನ್ನೊಂದು ಹೊರದೇಶದಿಂದ ಬಂದ ಮೆಲ್ಲಿಫೆರಾ. ಇದನ್ನು ಇಟಾಲಿಯನ್ ಜೇನು, ಯುರೋಪಿಯನ್ ಜೇನು ಎಂದೂ ಕರೆಯುವುದುಂಟು. ಮೆಲ್ಲಿಫೆರಾ ನಮ್ಮ ದೇಶದಲ್ಲಿ ನೆಲೆಯೂರಿದ್ದು 1962ರಲ್ಲಿ, ಇಂದಿನ ಹಿಮಾಚಲ ಪ್ರದೇಶದ ನಗ್ರೋಟಾದಲ್ಲಿ. ಅಲ್ಲಿಂದ ಪಂಜಾಬ್, ಹರಿಯಾಣಗಳಿಗೆ ಹಬ್ಬಿ, ಬಹಳ ತಡವಾಗಿ ದಕ್ಷಿಣಕ್ಕೆ ಬಂತು.

ಈ ವ್ಯತ್ಯಾಸವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ವರೋವಾ ಎಂಬ ನುಸಿಯ ಮೂಲ ಒಡನಾಡಿ ತುಡುವೆಯೇ. 1904ರಲ್ಲಿ ಜಾವಾ ದ್ವೀಪದಲ್ಲಿ ಈ ನುಸಿಯನ್ನು ಮೊದಲು ಗುರುತಿಸಿದ್ದು ತುಡುವೆ ಗೂಡಿನಲ್ಲಿ. ಸಾವಿರಾರು ವರ್ಷ ಒಟ್ಟಿಗೆ ಬಾಳಿದ್ದರಿಂದ ತುಡುವೆಗೆ ಇದನ್ನು ಅಂಕೆಯಲ್ಲಿಡುವ ವಿದ್ಯೆ ತಿಳಿದಿದೆ. ನುಸಿ ಮೈಮೇಲೆ ಹತ್ತಿದರೆ ತುಡುವೆಯ ಕೆಲಸಗಾರ ನೊಣ ಕಾಲಿನಿಂದ ಒರಸಿಕೊಳ್ಳುತ್ತದೆ, ಸಂಗಾತಿ ನೊಣಗಳು ಬಾಯಿಂದ ಹಿಡಿದು ತೆಗೆಯುತ್ತವೆ. ತುಡುವೆ ಗೂಡಿನಲ್ಲಿ ನುಸಿ ಸಂತಾನ ಬೆಳೆಸುವುದು ಗಂಡು ನೊಣದ ಕೋಶದಲ್ಲಿ ಮಾತ್ರ. ಗಂಡು ನೊಣದ ಮರಿ ಇರುವುದು ವರ್ಷದ ಕೆಲವೇ ತಿಂಗಳು. ಹೀಗಾಗಿ ನುಸಿಯ ಸಂಖ್ಯೆ ಏರುವುದಕ್ಕೆ ಅವಕಾಶ ಕಡಿಮೆ.

ಮೆಲ್ಲಿಫೆರಾಕ್ಕೆ ಈ ವಿದ್ಯೆ ಇಲ್ಲ. ಅದರ ಗೂಡಿನಲ್ಲಿ ನುಸಿ ಗಂಡು ಕೋಶದಲ್ಲೂ, ಕೆಲಸಗಾರ ಕೋಶದಲ್ಲೂ ಮರಿಮಾಡುತ್ತದೆ. ಕೆಲಸಗಾರ ಮರಿ ವರ್ಷವಿಡೀ ಇರುತ್ತದಷ್ಟೆ. ಮೆಲ್ಲಿಫೆರಾದ ಮೇಲೆ ಬಿದ್ದ ವರೋವಾ ಜಾವಾದಲ್ಲಿ ಕಂಡ ಜಾತಿಯಲ್ಲ, ಅದರ ಹತ್ತಿರದ ಸಂಬಂಧಿ ಎಂದು ತಿಳಿದು 2000ದಲ್ಲಿ ವಿಜ್ಞಾನಿಗಳು ಅದಕ್ಕೆ 'ವರೋವಾ ಡಿಸ್ಟ್ರಕ್ಟರ್' ಎಂದು ಬೇರೆ ಹೆಸರಿಟ್ಟರು. ಡಿಸ್ಟ್ರಕ್ಟರ್ ಎಂದರೆ ನಾಶಕಾರಿ, ಹೆಸರು ಅನ್ವರ್ಥವಾಗಿದೆ. ಅಮೆರಿಕಕ್ಕೆ 1987ರಲ್ಲಿ ಕಾಲಿಟ್ಟ ಈ ನುಸಿ, ಬಹುಕಾಲ ಬಾಗಿಲು ಕಾದಿದ್ದ ಆಸ್ಟ್ರೇಲಿಯವನ್ನೂ 2022ರಲ್ಲಿ ಹೊಕ್ಕಿತು. ಉತ್ತರ ಭಾರತದ ಮೆಲ್ಲಿಫೆರಾ ಪೆಟ್ಟಿಗೆಗಳಲ್ಲಿ 2004ರ ಈಚೆಗೆ ಇದರ ಹಾವಳಿ ಜೋರಾಯಿತು. ಹಣ ಕೊಟ್ಟು ದೂರದಿಂದ ಕುಟುಂಬ ತರಿಸುವವರು ಜೊತೆಗೆ ಏನನ್ನು ತರಿಸುತ್ತಿದ್ದೇವೆ ಎಂದೂ ನೋಡಿಕೊಳ್ಳಬೇಕು.

ಇದರಿಂದ ತುಡುವೆ ಸಾಕುವವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ತುಡುವೆ ಪೆಟ್ಟಿಗೆಗೆ ಈ ಆಮ್ಲ ಸಾಮಾನ್ಯವಾಗಿ ಬೇಕಿಲ್ಲ. ಇಟ್ಟರೆ ಅದರ ಘಾಟಿಗೆ ಕುಟುಂಬವೇ ಗೂಡು ಬಿಟ್ಟು ಹೋದೀತು. ಸಣ್ಣ ಕಾರಣಕ್ಕೂ ಎದ್ದು ಹೋಗುವುದು ತುಡುವೆಯ ಗುಣ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. 1991-92ರಲ್ಲಿ ಕರ್ನಾಟಕದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ್ದು ನುಸಿಯಲ್ಲ, ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ. ಕೊಡಗು, ದಕ್ಷಿಣ ಕನ್ನಡಗಳಲ್ಲಿ ಆಗ ಜೇನು ಸಾಕಿದವರ ಮನೆಯಂಗಳದಲ್ಲಿ ಖಾಲಿ ಪೆಟ್ಟಿಗೆಗಳು ಮಾತ್ರ ಉಳಿದವು. ಆ ರೋಗ ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಅದರಲ್ಲಿ ಮರಿಹುಳು ಕೋಶಾವಸ್ಥೆಗೆ ಹೋಗುವ ಮೊದಲೇ, ಕೋಶದಲ್ಲಿ ಉದ್ದಕ್ಕೆ ಮಲಗಿ, ತಲೆ ಮೇಲೆತ್ತಿ ಸಾಯುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ಇದಕ್ಕೆ ಫಾರ್ಮಿಕ್ ಆಮ್ಲದಿಂದ ಏನೂ ಪ್ರಯೋಜನವಿಲ್ಲ. ನಂಜುರೋಗಕ್ಕೆ ಬಲವಾದ ಕುಟುಂಬವನ್ನು ಆರಿಸಿ ಬೆಳೆಸುವುದು, ರೋಗದ ಎರಿ ತೆಗೆದುಹಾಕುವುದು, ರಾಣಿಯನ್ನು ಕೆಲವು ದಿನ ಮೊಟ್ಟೆಯಿಡದಂತೆ ತಡೆಯುವುದು, ಇವೇ ದಾರಿ.

ನುಸಿಯ ಗುರುತು

ಮೆಲ್ಲಿಫೆರಾ ಪೆಟ್ಟಿಗೆಗೆ ಬರುವ ನುಸಿ ಎರಡು. ವರೋವಾದ ಹೆಣ್ಣು ಕೆಂಗಂದು ಬಣ್ಣದ್ದು, ಏಡಿಯಂತೆ ಅಡ್ಡಗಲ. ಉದ್ದ ಸುಮಾರು 1.1 ಮಿ.ಮೀ., ಅಗಲ ಸುಮಾರು 1.6 ಮಿ.ಮೀ. ಎಳ್ಳಿಗಿಂತ ಸಣ್ಣದು. ಕೋಶಕ್ಕೆ ಮೇಣದ ಮುಚ್ಚಳ ಬೀಳುವುದಕ್ಕೆ ಸ್ವಲ್ಪ ಮೊದಲು ಇದು ಒಳಗೆ ನುಸುಳುತ್ತದೆ. ಮುಚ್ಚಳ ಬಿದ್ದ ಮೇಲೆ ಮೂರನೆಯ ದಿನದ ಹೊತ್ತಿಗೆ ಮೊಟ್ಟೆಯಿಡಲು ತೊಡಗುತ್ತದೆ. ಮೊದಲ ಮೊಟ್ಟೆಯಿಂದ ಗಂಡು, ಆಮೇಲಿನವುಗಳಿಂದ ಹೆಣ್ಣು. ಜೇನುನೊಣ ಕೋಶ ಒಡೆದು ಹೊರಬರುವಾಗ ತಾಯಿ ನುಸಿಯೂ, ಬಲಿತ ಹೆಣ್ಣು ನುಸಿಗಳೂ ಅದರೊಡನೆ ಹೊರಬರುತ್ತವೆ. ಕೆಲಸಗಾರ ಕೋಶ ಮುಚ್ಚಿರುವುದು ಸುಮಾರು 12 ದಿನ. ಗಂಡು ಕೋಶ ಇನ್ನೂ ಎರಡು ಮೂರು ದಿನ ಹೆಚ್ಚು. ಅದಕ್ಕೇ ಗಂಡು ಕೋಶದಲ್ಲಿ ನುಸಿಯ ಸಂತಾನ ಹೆಚ್ಚು. ಮರಿ ಹೇರಳವಾಗಿರುವ ಕಾಲದಲ್ಲಿ ನುಸಿಯ ಸಂಖ್ಯೆ ತಿಂಗಳಿಗೆ ಸುಮಾರು ಎರಡರಷ್ಟಾಗುತ್ತದೆ.

ಇದು ನೊಣದ ರಕ್ತ ಹೀರುತ್ತದೆ ಎಂದು ಹಿಂದಿನ ಪುಸ್ತಕಗಳಲ್ಲಿ ಬರೆದಿರುತ್ತದೆ. ದೊಡ್ಡ ನೊಣದ ಮೈಯಲ್ಲಿ ಇದು ಮುಖ್ಯವಾಗಿ ತಿನ್ನುವುದು ಕೊಬ್ಬಿನ ಅಂಗಾಂಶವನ್ನು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಕೊಬ್ಬು ನೊಣಕ್ಕೆ ಕಣಜವಿದ್ದಂತೆ. ಆಯುಸ್ಸು, ರೋಗ ತಡೆಯುವ ಶಕ್ತಿ ಎಲ್ಲವೂ ಅದರಲ್ಲಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ರೆಕ್ಕೆ ಮುರುಟುವ ನಂಜುರೋಗವನ್ನು ನುಸಿ ಒಂದರಿಂದ ಒಂದಕ್ಕೆ ದಾಟಿಸುತ್ತದೆ. ಪೆಟ್ಟಿಗೆಯ ಬಾಗಿಲ ಮುಂದೆ ಮುರುಟು ರೆಕ್ಕೆಯ ಎಳೆ ನೊಣಗಳು ಹಾರಲಾರದೆ ಹರಿದಾಡುತ್ತಿದ್ದರೆ ಒಳಗೆ ನುಸಿ ಬಹಳವಾಗಿದೆ ಎಂದೇ ತಿಳಿಯಬೇಕು. ಆ ಹಂತದವರೆಗೆ ಕಾಯುವುದು ಜಾಣತನವಲ್ಲ.

ಎರಡನೆಯದು ಟ್ರೋಪಿಲೀಲ್ಯಾಪ್ಸ್. ಹೆಸರು ನಾಲಗೆಗೆ ತೊಡಕು. ಆದರೆ ಜೀವಿ ಬಹಳ ಚುರುಕು. ವರೋವಾಕ್ಕಿಂತ ಚಿಕ್ಕದು, ಉದ್ದವಾದ ಮೈ, ಎರಿಯ ಮೇಲೆ ಓಡುತ್ತದೆ. ಇದರ ಮೂಲ ಆಸರೆ ಹೆಜ್ಜೇನು. ದೊಡ್ಡ ಮರಗಳಲ್ಲಿ, ನೀರಿನ ತೊಟ್ಟಿಗಳ ಅಡಿಯಲ್ಲಿ ಹೆಜ್ಜೇನು ಕಟ್ಟುವ ಊರುಗಳಲ್ಲಿ ಇದು ಮೆಲ್ಲಿಫೆರಾ ಪೆಟ್ಟಿಗೆಗೆ ಬರುವುದು ಸುಲಭ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಕ್ಲೇರಿಯೇ ಎಂಬ ಹೆಸರಿದೆ. ಭಾರತದ ನುಸಿ ಮರ್ಸಿಡೆಸೇ ಎಂಬ ಬೇರೆ ಜಾತಿಯೆಂದು 2007ರಲ್ಲಿ ತಿಳಿದುಬಂತು. ರೈತನಿಗೆ ಬೇಕಾದ ಸಂಗತಿ ಹೆಸರಲ್ಲ. ಈ ನುಸಿ ತಿನ್ನುವುದು ಮರಿಯನ್ನು ಮಾತ್ರ. ದೊಡ್ಡ ನೊಣದ ಮೇಲೆ ಮರಿಯಿಲ್ಲದೆ ಕೆಲವೇ ದಿನ ಬದುಕೀತು. ರಾಣಿಯನ್ನು ಪಂಜರದಲ್ಲಿಟ್ಟು ಮೂರು ನಾಲ್ಕು ವಾರ ಮೊಟ್ಟೆಯಿಡದಂತೆ ಮಾಡಿ, ಪೆಟ್ಟಿಗೆಯಲ್ಲಿ ಒಂದಷ್ಟು ದಿನ ಮರಿಯೇ ಇಲ್ಲದಂತಾದರೆ ಈ ನುಸಿ ಔಷಧಿಯಿಲ್ಲದೆಯೇ ತೊಲಗುತ್ತದೆ. ಇದು ಖರ್ಚಿಲ್ಲದ ಉಪಾಯ; ಹೊರಗೆ ಹೂವು ಕಡಿಮೆಯಿರುವ ಕಾಲದಲ್ಲಿ ಮಾಡುವುದು ಮೇಲು.

ಎಣಿಸದೆ ಇಡಬಾರದು

ನುಸಿ ಇದೆಯೋ ಇಲ್ಲವೋ ಎಂಬುದಕ್ಕಿಂತ ಎಷ್ಟಿದೆ ಎಂಬುದು ಮುಖ್ಯ. ವರೋವಾ ಎಣಿಸಲು ಸಕ್ಕರೆ ಪುಡಿಯ ವಿಧಾನ ಸುಲಭ. ಅಗಲ ಬಾಯಿಯ ಒಂದು ಸೀಸೆಗೆ ಮುಚ್ಚಳದ ಬದಲು ನೊಣ ತೂರದ, ನುಸಿ ತೂರುವ ಜಾಲರಿ ಕಟ್ಟಬೇಕು. ಮರಿಯಿರುವ ಎರಿಯಿಂದ, ರಾಣಿ ಅದರ ಮೇಲಿಲ್ಲವೆಂದು ಎರಡು ಸಲ ನೋಡಿಕೊಂಡು, ಅರ್ಧ ಲೋಟದಷ್ಟು ನೊಣಗಳನ್ನು ಸೀಸೆಗೆ ಕೊಡವಬೇಕು. ಇದು ಸುಮಾರು 300 ನೊಣ. ಎರಡು ಚಮಚ ನುಣ್ಣನೆಯ ಸಕ್ಕರೆ ಪುಡಿಯನ್ನು ಜಾಲರಿಯ ಮೂಲಕ ಉದುರಿಸಿ, ಸೀಸೆಯನ್ನು ಒಂದು ನಿಮಿಷ ಮೆಲ್ಲನೆ ಉರುಳಿಸಿ, ಎರಡು ಮೂರು ನಿಮಿಷ ನೆರಳಲ್ಲಿಟ್ಟು, ಬಿಳಿ ತಟ್ಟೆಯ ಮೇಲೆ ತಲೆಕೆಳಗು ಮಾಡಿ ಜೋರಾಗಿ ಅಲ್ಲಾಡಿಸಬೇಕು. ಸಕ್ಕರೆಯೊಡನೆ ನುಸಿ ಉದುರುತ್ತದೆ. ತಟ್ಟೆಗೆ ಸ್ವಲ್ಪ ನೀರು ಹಾಕಿದರೆ ಸಕ್ಕರೆ ಕರಗಿ ನುಸಿ ತೇಲಿ ಕಾಣುತ್ತದೆ. ನೊಣಗಳನ್ನು ಪೆಟ್ಟಿಗೆಗೆ ಹಿಂದಿರುಗಿಸಬಹುದು. ಬೆಳ್ಳಗಾದ ನೊಣಗಳನ್ನು ಉಳಿದವು ನೆಕ್ಕಿ ಸ್ವಚ್ಛ ಮಾಡುತ್ತವೆ.

ನೂರು ನೊಣಕ್ಕೆ ಮೂರು ನುಸಿ, ಅಂದರೆ 300ಕ್ಕೆ 9 ಸಿಕ್ಕಿದರೆ ಔಷಧೋಪಚಾರಕ್ಕೆ ಕಾಲ ಬಂದಿದೆ. ಎರಡೋ ಮೂರೋ ನುಸಿ ಮಾತ್ರ ಸಿಕ್ಕಿದರೆ ತಿಂಗಳು ಬಿಟ್ಟು ಮತ್ತೆ ಎಣಿಸಿದರೆ ಸಾಕು. ಟ್ರೋಪಿಲೀಲ್ಯಾಪ್ಸ್‌ಗೆ ಸಕ್ಕರೆ ವಿಧಾನ ನಂಬುವಂತಿಲ್ಲ. ಅದು ನೊಣದ ಮೈಮೇಲೆ ನಿಲ್ಲುವುದೇ ಕಡಿಮೆ. ನೊಣ ಕೊಡವಿದ ಮರಿಯ ಎರಿಯನ್ನು ಬಿಳಿ ತಟ್ಟೆಯ ಮೇಲೆ ಒಂದೆರಡು ಸಲ ಬಡಿದರೆ ಓಡುವ ನುಸಿಗಳು ಬೀಳುತ್ತವೆ. ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಆಮ್ಲದ ಬಾಟಲಿ ಕೊಡುವುದಕ್ಕೆ ಮೊದಲು ಈ ಸೀಸೆ ಮತ್ತು ತಟ್ಟೆಯ ಪ್ರಾತ್ಯಕ್ಷಿಕೆ ಮಾಡಿ ತೋರಿಸುವುದು ಒಳ್ಳೆಯದು.

ಆಮ್ಲ ಮಾಡುವ ಕೆಲಸ

ಮಾವಿನ ಮರದ ಕೆಂಜಿಗದ ಗೂಡನ್ನು ಕೆದಕಿದವರಿಗೆ ಮೂಗಿಗೆ ಬಡಿಯುವ ಹುಳಿ ಘಾಟು ಗೊತ್ತು. ಅದೇ ಫಾರ್ಮಿಕ್ ಆಮ್ಲ. ಜಾನ್ ರೇ ಎಂಬ ಇಂಗ್ಲೆಂಡಿನ ವಿಜ್ಞಾನಿ 1671ರಲ್ಲಿ ಇರುವೆಗಳನ್ನು ಬಟ್ಟಿಯಿಳಿಸಿ ಇದನ್ನು ಪಡೆದ. ಲ್ಯಾಟಿನ್ ಭಾಷೆಯಲ್ಲಿ ಇರುವೆಗಿರುವ ಹೆಸರೇ ಆಮ್ಲಕ್ಕೂ ಬಂತು. ಜೇನುತುಪ್ಪದಲ್ಲೂ ಇದು ಬಹಳ ಸ್ವಲ್ಪ ಪ್ರಮಾಣದಲ್ಲಿ ತಾನಾಗಿಯೇ ಇರುತ್ತದೆ. ಇಂದು ಇದನ್ನು ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಪುತ್ತೂರು, ಸುಳ್ಯದ ಕಡೆಯ ರಬ್ಬರ್ ಬೆಳೆಗಾರರು ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವುದೂ ಇದನ್ನೇ.

ಇದರ ಆವಿ ನುಸಿಯ ಜೀವಕೋಶಗಳ ಉಸಿರಾಟವನ್ನೇ ನಿಲ್ಲಿಸುತ್ತದೆ. ನೊಣಕ್ಕೂ ಇದು ವಿಷವೇ. ಆದರೆ ನುಸಿಯನ್ನು ಕೊಲ್ಲುವಷ್ಟು ಆವಿಯನ್ನು ನೊಣ ತಡೆದುಕೊಳ್ಳಬಲ್ಲದು. ಆ ಎರಡು ಅಳತೆಗಳ ನಡುವಿನ ಅಂತರ ದೊಡ್ಡದಲ್ಲ. ಎಲ್ಲ ಎಚ್ಚರಿಕೆಗಳೂ ಈ ಸಣ್ಣ ಅಂತರದಿಂದ ಹುಟ್ಟಿದವು. ಇದರ ದೊಡ್ಡ ಗುಣವೆಂದರೆ ಆವಿ ಮೇಣದ ಮುಚ್ಚಳವನ್ನು ದಾಟಿ, ಮುಚ್ಚಿದ ಕೋಶದೊಳಗಿನ ನುಸಿಯನ್ನೂ ಮುಟ್ಟುತ್ತದೆ. ಬೇರೆ ಔಷಧಿಗಳಲ್ಲಿ ಬಹುತೇಕ ಮೈಮೇಲಿನ ನುಸಿಗೆ ಮಾತ್ರ. ಫ್ಲುವಾಲಿನೇಟ್‌ನಂಥ ಕೀಟನಾಶಕದ ಪಟ್ಟಿಗಳನ್ನು ವರ್ಷಗಟ್ಟಲೆ ಇಟ್ಟ ದೇಶಗಳಲ್ಲಿ ನುಸಿ ಅದಕ್ಕೆ ಒಗ್ಗಿಹೋಯಿತು. ಔಷಧಿಯ ಉಳಿಕೆ ಮೇಣದಲ್ಲಿ ಸೇರಿಕೊಂಡಿತು. ಫಾರ್ಮಿಕ್ ಆಮ್ಲ ಆವಿಯಾಗಿ ಹೋಗುತ್ತದೆ, ಮೇಣದಲ್ಲಿ ನಿಲ್ಲುವುದಿಲ್ಲ. ಜರ್ಮನಿಯಲ್ಲಿ 1980ರ ದಶಕದಿಂದ ಜೇನು ಸಾಕುವವರು ಇದನ್ನು ನೆಚ್ಚಿಕೊಂಡಿದ್ದಾರೆ.

ಹವೆ ನೋಡಿ ಇಡುವುದು

ಜರ್ಮನಿಯ ಹವೆ ಬೇರೆ, ಮಂಡ್ಯದ ಹವೆ ಬೇರೆ. ಆಮ್ಲ ಎಷ್ಟು ಬೇಗ ಆವಿಯಾಗುವುದೆಂಬುದು ಬಿಸಿಲನ್ನು ಅವಲಂಬಿಸಿದೆ. ಹಗಲಿನ ಉಷ್ಣಾಂಶ 10ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಮಾತ್ರ ಇದನ್ನು ಇಡಬೇಕು. ಮಾರ್ಚಿಯಿಂದ ಮೇ ತನಕ ಈ ಸೀಮೆಯಲ್ಲಿ ಉಷ್ಣಾಂಶ 34 ಡಿಗ್ರಿ ದಾಟುವುದು ಸಾಮಾನ್ಯ. ಆಗ ಇಟ್ಟ ಆಮ್ಲ ಕೆಲವೇ ಗಂಟೆಗಳಲ್ಲಿ ಒಮ್ಮೆಲೇ ಆವಿಯಾಗಿ ಮರಿಯನ್ನು ಕೊಲ್ಲುತ್ತದೆ, ರಾಣಿಯೂ ಉಳಿಯದಿರಬಹುದು. ಬೇಸಿಗೆಯಲ್ಲಿ ಇನ್ನೊಂದು ತೊಡಕೂ ಇದೆ. ಹೊಂಗೆ, ಹುಣಿಸೆ ಹೂ ಬಿಟ್ಟು ಮಕರಂದ ಬರುವ ಕಾಲ ಅದೇ. ಜೇನು ಕೋಣೆ ಪೆಟ್ಟಿಗೆಯ ಮೇಲಿರುವಾಗ ಆಮ್ಲ ಇಟ್ಟರೆ ತುಪ್ಪದ ರುಚಿ ಕೆಡುತ್ತದೆ.

ಆದ್ದರಿಂದ ಮಳೆಗಾಲದ ತಂಪು ದಿನಗಳು, ಇಲ್ಲವೇ ನವೆಂಬರಿನಿಂದ ಜನವರಿಯ ತನಕದ ಕಾಲ ಇದಕ್ಕೆ ಹೊಂದುತ್ತದೆ. ತುಪ್ಪ ತೆಗೆದಾದ ಮೇಲೆ, ಜೇನು ಕೋಣೆಯನ್ನು ಇಳಿಸಿ, ಸಂಸಾರ ಕೋಣೆಗೆ ಮಾತ್ರ ಉಪಚಾರ. ಪಂಚಾಂಗದ ತಿಂಗಳನ್ನಷ್ಟೇ ನಂಬದೆ ಗೋಡೆಗೆ ತೂಗುಹಾಕುವ ಒಂದು ಉಷ್ಣಮಾಪಕವನ್ನು ಕೊಂಡು ಪೆಟ್ಟಿಗೆಯ ಬಳಿ ನೆರಳಿನಲ್ಲಿಟ್ಟು ಮಧ್ಯಾಹ್ನ ಎರಡು ಗಂಟೆಗೆ ನೋಡಬೇಕು. ನವೆಂಬರಿನಲ್ಲೂ ಒಂದೊಂದು ದಿನ ಬಿಸಿಲೇರುವುದುಂಟು. ಬಾಟಲಿಗಿಂತ ಮೊದಲು ಕೊಳ್ಳಬೇಕಾದದ್ದು ಉಷ್ಣಮಾಪಕ.

ಇಡುವ ಕ್ರಮ

ಬಾಟಲಿಯ ಮೇಲೆ ಶೇಕಡಾ 85 ಎಂದು ಬರೆದಿರುವ ಆಮ್ಲವನ್ನೇ ಕೇಳಿ ಕೊಳ್ಳಬೇಕು. ಇದಕ್ಕಿಂತ ಗಟ್ಟಿಯಾದದ್ದೂ ಮಾರಾಟದಲ್ಲಿದೆ. ಚೀಟಿ ಓದದೆ ಕೊಳ್ಳಬಾರದು. ಚೀಟಿಯಿಲ್ಲದ ಬಾಟಲಿಯನ್ನು ಅಗ್ಗವೆಂದು ತರಲೇಬಾರದು.

ಭಾರತದಲ್ಲಿ ಶಿಫಾರಸಿನಲ್ಲಿರುವ ವಿಧಾನದಂತೆ ಹತ್ತು ಚೌಕಟ್ಟಿನ ಬಲವಾದ ಮೆಲ್ಲಿಫೆರಾ ಕುಟುಂಬಕ್ಕೆ ದಿನಕ್ಕೆ 5 ಮಿ.ಲೀ. ಆಮ್ಲ, 14 ದಿನ ಸತತವಾಗಿ. ಇದರಲ್ಲಿ ನೀರು ಬೆರೆಸುವ ಕೆಲಸವಿಲ್ಲ, ಅದೇ ಒಂದು ಅನುಕೂಲ. ಬೇರಾವ ಕೆಲಸಕ್ಕಾದರೂ ತೆಳು ಮಾಡಬೇಕಾಗಿ ಬಂದರೆ ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು. ಸುರಿದರೆ ಕಾದು ಸಿಡಿಯುತ್ತದೆ.

ಕಿರಿದಾದ ಬಾಯಿಯ ಒಂದು ಚಿಕ್ಕ ಗಾಜಿನ ಶೀಶೆಗೆ ಔಷಧದಂಗಡಿಯ ಹತ್ತಿಯಿಂದ ಬತ್ತಿ ಹೊಸೆದು, ತುದಿ ಸ್ವಲ್ಪ ಹೊರಗೆ ಕಾಣುವಂತೆ ಇಳಿಬಿಡಬೇಕು. ಮನೆಯ ಹಿತ್ತಲ ಹತ್ತಿಯಲ್ಲಿ ಜಿಡ್ಡು ಇರುವುದರಿಂದ ಅದು ಸರಿಯಾಗಿ ಹೀರುವುದಿಲ್ಲ. ನೊಣ ಬಾಯಿಗೆ ಬೀಳದಂತೆ ಪ್ಲಾಸ್ಟಿಕ್ ಜಾಲರಿಯ ತುಂಡು ಕಟ್ಟಿದರೆ ಮೇಲು. ತಂತಿಯ ಜಾಲರಿಯಾದರೆ ಆಮ್ಲ ತಿಂದು ಹಾಕುತ್ತದೆ. ಪೆಟ್ಟಿಗೆಯ ಒಂದು ಬದಿಯ ಖಾಲಿ ಚೌಕಟ್ಟನ್ನು ತೆಗೆದು, ಆ ಜಾಗದಲ್ಲಿ ಅಡಿಹಲಗೆಯ ಮೇಲೆ ಶೀಶೆಯನ್ನು ನಿಲ್ಲಿಸಬೇಕು. ಅಲುಗಾಡದಂತೆ ಒಂದು ಮರದ ತುಂಡಿಗೆ ರಂಧ್ರ ಕೊರೆದು ಅದರಲ್ಲಿ ಕೂರಿಸಬೇಕು. ಶೀಶೆ ಉರುಳಿದರೆ ಐದು ಮಿ.ಲೀ. ಪೂರ್ತಿ ಒಮ್ಮೆಗೇ ಆವಿಯಾಗುತ್ತದೆ. ಪೆಟ್ಟಿಗೆಯ ಬಿರುಕುಗಳನ್ನು ಮುಚ್ಚಿ, ಬಾಗಿಲನ್ನು ಮಾತ್ರ ಪೂರ್ತಿ ತೆರೆದಿಡಬೇಕು. ನೊಣಗಳು ರೆಕ್ಕೆ ಬೀಸಿ ಗಾಳಿಯಾಡಿಸುವುದಕ್ಕೆ ಅದೇ ದಾರಿ.

ಮೊದಲ ಸಲ ಇಡುವುದು ಸಂಜೆಯ ತಂಪಿನಲ್ಲಿ. ಮರುದಿನ ಅದೇ ಹೊತ್ತಿಗೆ ಮುಚ್ಚಳ ಮಾತ್ರ ಎತ್ತಿ ಶೀಶೆ ನೋಡಬೇಕು, ಚೌಕಟ್ಟು ಕೀಳಬಾರದು. ಶೀಶೆಯಲ್ಲಿ ಉಳಿದಿದ್ದರೆ ಒಟ್ಟು 5 ಮಿ.ಲೀ. ಆಗುವಷ್ಟು ಮಾತ್ರ ತುಂಬಬೇಕು. ಉಳಿದದ್ದರ ಮೇಲೆ ಮತ್ತೆ ಐದು ಹಾಕುವುದು ತಪ್ಪು. ಹೆಚ್ಚುಕಡಿಮೆ ಹಾಗೆಯೇ ಉಳಿದಿದ್ದರೆ ಹವೆ ತಂಪಾಗಿದೆ ಅಥವಾ ಬತ್ತಿ ಬಿಗಿಯಾಗಿದೆ. ಬೆಳಿಗ್ಗೆಗೇ ಬರಿದಾಗಿ, ನೊಣಗಳು ಗಡ್ಡದಂತೆ ಪೆಟ್ಟಿಗೆಯ ಹೊರಗೆ ಜೋತು ಬಿದ್ದು, ಬಾಗಿಲ ಮುಂದೆ ಸತ್ತ ಬಿಳಿ ಮರಿಗಳು ಬಿದ್ದಿದ್ದರೆ ಶೀಶೆಯನ್ನು ಆಗಲೇ ತೆಗೆದು, ಹವೆ ತಂಪಾಗುವ ತನಕ ನಿಲ್ಲಿಸಬೇಕು. ಮೊದಲ ಒಂದೆರಡು ದಿನ ಕೆಲವು ನೊಣ ಹೊರಗೆ ಕೂರುವುದು, ಸ್ವಲ್ಪ ಗದ್ದಲ ಮಾಡುವುದು ಸಹಜ, ಅದಕ್ಕೆ ಹೆದರಬೇಕಿಲ್ಲ.

ಐದಾರು ಎರಿಗೂ ನೊಣ ತುಂಬದ ಬಡ ಕುಟುಂಬಕ್ಕೆ ಇದನ್ನು ಇಡಬಾರದು. ಅಂಥದನ್ನು ಮೊದಲು ಇನ್ನೊಂದರೊಡನೆ ಕೂಡಿಸಬೇಕು. ಹೊಸ ರಾಣಿ ಹುಟ್ಟಿ ಇನ್ನೂ ಮೊಟ್ಟೆಯಿಡಲು ತೊಡಗದ ಪೆಟ್ಟಿಗೆಗೂ ಬೇಡ. ಒಬ್ಬ ರೈತನಲ್ಲಿ ಹತ್ತು ಪೆಟ್ಟಿಗೆ ಇವೆ ಎಂದುಕೊಂಡರೆ, ಹದಿನಾಲ್ಕು ದಿನಕ್ಕೆ ಬೇಕಾಗುವ ಆಮ್ಲ ಹೆಚ್ಚೆಂದರೆ 700 ಮಿ.ಲೀ. ಐದು ಲೀಟರಿನ ಡಬ್ಬ ತಂದು ವರ್ಷಗಟ್ಟಲೆ ಮನೆಯಲ್ಲಿಡುವುದಕ್ಕಿಂತ, ಒಂದು ಊರಿನ ಜೇನು ಸಾಕುವವರೆಲ್ಲ ಸೇರಿ ಬೇಕಾದಷ್ಟು ತರಿಸಿಕೊಂಡು ಒಂದೇ ಹದಿನೈದು ದಿನದಲ್ಲಿ ಉಪಚಾರ ಮುಗಿಸುವುದು ಲೇಸು. ಒಬ್ಬರ ಪೆಟ್ಟಿಗೆ ಸ್ವಚ್ಛವಾಗಿ ಪಕ್ಕದ ತೋಟದ್ದು ಹಾಗೇ ಉಳಿದರೆ, ದಾರಿ ತಪ್ಪಿ ಬರುವ ನೊಣಗಳೂ, ತುಪ್ಪ ಕದಿಯಲು ಹೋಗಿ ಬರುವ ನೊಣಗಳೂ ನುಸಿಯನ್ನು ಮತ್ತೆ ಹೊತ್ತು ತರುತ್ತವೆ.

ಮನುಷ್ಯನ ರಕ್ಷಣೆ

ಶೇಕಡಾ 85ರ ಆಮ್ಲ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಆವಿ ಎಳೆದುಕೊಂಡರೆ ಗಂಟಲು, ಶ್ವಾಸಕೋಶ ಸುಡುತ್ತವೆ. ಕೆಲಸಕ್ಕೆ ತೊಡಗುವ ಮುನ್ನ ಮೊದಲು ಮಾಡಬೇಕಾದದ್ದು ಒಂದು ಬಕೆಟ್ ತುಂಬ ಶುದ್ಧ ನೀರು, ಒಂದು ಚೊಂಬು ಪಕ್ಕದಲ್ಲಿಡುವುದು. ಕೊಳಾಯಿ ದೂರದಲ್ಲಿದ್ದರೆ ಎರಡು ಬಕೆಟ್. ನೀರಿಲ್ಲದೆ ಬಾಟಲಿಯ ಮುಚ್ಚಳ ತಿರುಗಿಸಬಾರದು.

ಕೈಗೆ ದಪ್ಪ ರಬ್ಬರ್ ಗವಸು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ತುಂಬು ತೋಳಿನ ಅಂಗಿ, ಕಾಲಿಗೆ ಮುಚ್ಚಿದ ಪಾದರಕ್ಷೆ ಬೇಕು. ಜೇನು ಮುಸುಕು ನೊಣದ ಕುಟುಕನ್ನು ತಡೆಯುತ್ತದೆ, ಆಮ್ಲದ ಹನಿಯನ್ನಲ್ಲ. ಮೂಗಿಗೆ ಕಟ್ಟುವ ಟವೆಲ್ ಆವಿಯನ್ನು ತಡೆಯುತ್ತದೆಂದು ನಂಬುವುದು ತಪ್ಪು. ಆವಿಯಿಂದ ಪಾರಾಗುವ ಉಪಾಯ ಬಯಲಲ್ಲಿ, ಗಾಳಿ ಬೆನ್ನಿಗೆ ಬೀಸುವಂತೆ ನಿಂತು ಕೆಲಸ ಮಾಡುವುದು. ಕೊಠಡಿಯೊಳಗೆ, ಕೊಟ್ಟಿಗೆಯಲ್ಲಿ, ಅಡಿಗೆ ಮನೆಯಲ್ಲಿ ತುಂಬಬಾರದು. ಅಳೆಯಲು ಸೂಜಿಯಿಲ್ಲದ 5 ಮಿ.ಲೀ. ಪ್ಲಾಸ್ಟಿಕ್ ಸಿರಿಂಜು ಸಾಕು. ಬಾಯಿಂದ ಎಳೆದು ಅಳೆಯುವುದು ಎಂದಿಗೂ ಕೂಡದು. ಆವಿಗೆ ಬೆಂಕಿ ತಗಲುವ ಭಯವೂ ಇರುವುದರಿಂದ ಹೊಗೆತಿದಿಯನ್ನು ದೂರವಿಡಬೇಕು, ಬೀಡಿ ಸೇದುತ್ತ ಈ ಕೆಲಸ ಮಾಡಬಾರದು.

ಆಮ್ಲ ತಾಗಿದ ತಕ್ಷಣ ಬಟ್ಟೆ ಕಳಚಿ, ತಾಗಿದ ಜಾಗದ ಮೇಲೆ ಹದಿನೈದು ನಿಮಿಷ ಬಿಡದೆ ನೀರು ಹೊಯ್ಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಣ್ಣ, ಬೆಣ್ಣೆ, ಅಡಿಗೆ ಸೋಡ, ಹಲ್ಲುಪುಡಿ ಯಾವುದನ್ನೂ ಮೈಗೆ ಹಚ್ಚಬಾರದು. ಅಡಿಗೆ ಸೋಡ ನೆಲದ ಮೇಲೆ ಚೆಲ್ಲಿದ ಆಮ್ಲಕ್ಕೆ. ಮೇಲೆ ಉದುರಿಸಿ, ನೊರೆ ನಿಂತ ಮೇಲೆ ನೀರು ಹಾಕಿ ತೊಳೆಯಬಹುದು. ಯಾರಾದರೂ ನುಂಗಿದರೆ ವಾಂತಿ ಮಾಡಿಸುವುದು ಅಪಾಯ. ಬರುವಾಗ ಗಂಟಲನ್ನು ಎರಡನೆಯ ಸಲ ಸುಡುತ್ತದೆ. ಬಾಯಿ ಮುಕ್ಕಳಿಸಿಸಿ, ಬಾಟಲಿಯ ಚೀಟಿಯೊಡನೆ ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು.

ಈ ಆಮ್ಲ ನೋಡಲು ನೀರಿನಂತೆಯೇ ಇರುತ್ತದೆ. ನೀರಿನ, ಪಾನೀಯದ, ಹೆಂಡದ ಖಾಲಿ ಬಾಟಲಿಗೆ ಇದನ್ನು ಬಗ್ಗಿಸಿಡುವುದು ಮನೆಗೆ ಗಂಡಾಂತರ ತಂದುಕೊಂಡಂತೆ. ಬಂದ ಬಾಟಲಿಯಲ್ಲೇ, ಚೀಟಿ ಹರಿಯದಂತೆ, ಬೀಗ ಹಾಕುವ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ತಂಪಾದ ಜಾಗದಲ್ಲಿಡಬೇಕು. ಕಬ್ಬಿಣದ ಬೀರುವಿನಲ್ಲಿಟ್ಟರೆ ಬೀರು ತುಕ್ಕು ಹಿಡಿಯುತ್ತದೆ.

ಉಪಚಾರ ಮುಗಿದ ಮೇಲೆ

ಹದಿನಾಲ್ಕನೆಯ ದಿನ ಶೀಶೆ ತೆಗೆದು, ಖಾಲಿ ಚೌಕಟ್ಟನ್ನು ಅದರ ಜಾಗಕ್ಕೆ ಇಳಿಸಬೇಕು. ಒಂದು ವಾರದ ಮೇಲೆ ಪೆಟ್ಟಿಗೆ ತೆರೆದು ಹೊಸ ಮೊಟ್ಟೆ ಇದೆಯೇ ಎಂದು ನೋಡಿದರೆ ರಾಣಿ ಉಳಿದಿರುವುದು ತಿಳಿಯುತ್ತದೆ. ಮೊಟ್ಟೆ ಕಾಣದೆ, ಕೆಲಸಗಾರ ನೊಣಗಳು ರಾಣಿ ಕೋಶ ಕಟ್ಟುತ್ತಿದ್ದರೆ ರಾಣಿ ಹೋಗಿದೆ ಎಂದು ತಿಳಿದು, ಬೇರೆ ಪೆಟ್ಟಿಗೆಯಿಂದ ಮೊಟ್ಟೆಯಿರುವ ಎರಿಯೊಂದನ್ನು ಕೊಡಬೇಕು. ಸಕ್ಕರೆ ಪುಡಿಯ ಎಣಿಕೆಯನ್ನು ಆಗಲೇ ಮತ್ತೊಮ್ಮೆ ಮಾಡಿ, ಮೊದಲಿನ ಸಂಖ್ಯೆಯ ಪಕ್ಕದಲ್ಲಿ ದಿನಾಂಕದೊಡನೆ ಬರೆದಿಡಬೇಕು. ಒಂಬತ್ತಿದ್ದದ್ದು ಒಂದಕ್ಕೋ ಎರಡಕ್ಕೋ ಇಳಿದಿದ್ದರೆ ಕೆಲಸ ಆಗಿದೆ. ಇಳಿಯದಿದ್ದರೆ ಆಮ್ಲ ಹೆಚ್ಚಿಸಬಾರದು. ಆ ದಿನಗಳ ಉಷ್ಣಾಂಶ, ಶೀಶೆಯಲ್ಲಿ ದಿನವೂ ಉಳಿದ ಆಮ್ಲ, ನೆರೆಯ ಪೆಟ್ಟಿಗೆಗಳ ಸ್ಥಿತಿ, ಇವನ್ನು ಬರೆದಿಟ್ಟಿದ್ದರೆ ಅದರೊಡನೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನೋ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನೋ ಕಂಡು ವಿಚಾರಿಸಬೇಕು. ಬೆಂಗಳೂರಿನ ಜಿ.ಕೆ.ವಿ.ಕೆ.ಯ ಜೇನು ಕೃಷಿ ವಿಭಾಗಕ್ಕೆ ಬರೆಯುವವರು ಕಾಗದದ ಪೊಟ್ಟಣದಲ್ಲಿ ಸತ್ತ ನುಸಿಗಳನ್ನೂ ಇಟ್ಟು ಕಳಿಸಿದರೆ ಅದು ಯಾವ ಜಾತಿಯೆಂದು ಹೇಳುವುದು ಅವರಿಗೆ ಸುಲಭವಾಗುತ್ತದೆ.